ಬಣ್ಣ ತಪ್ಪಿದ ಕಣ್ಣು

ನಮ್ಮ ಅತ್ತಿಗೆಯನ್ನು ಬೀದಿಯವರೆಲ್ಲ ‘ಕಣ್ಣಕ್ಕ’ ಎಂದೇ ಕರೆಯುವುದು. ಅಪಘಾತದಲ್ಲೋ ಕಾಯಿಲೆಯಲ್ಲೋ ಒಂದು ಕಣ್ಣು ಕಳೆದುಕೊಂಡವರಿಗೆ ಕೃತಕ ಕಣ್ಣು ಮಾಡಿಕೊಡುವುದು ಅಣ್ಣ, ಅತ್ತಿಗೆ ಇಬ್ಬರ ಕಸುಬು. ಅಣ್ಣ ಅಚ್ಚು ತೆಗೆದು, ಬಿಳಿ ಗುಡ್ಡೆ ಮಾಡಿ, ಉಜ್ಜಿ ನುಣುಪುಗೊಳಿಸುತ್ತಾನೆ. ಆ ಗುಡ್ಡೆಗೆ ಜೀವ ತರುವ ಬಣ್ಣದ ಬಿಲ್ಲೆ ಮಾತ್ರ ಅತ್ತಿಗೆಯದು. ಉಳಿದಿರುವ ಕಣ್ಣಿನ ಫೋಟೊ ಎದುರಿಗಿಟ್ಟುಕೊಂಡು, ಕಂಪ್ಯೂಟರಿನಲ್ಲಿ ಎಳೆ ಎಳೆಯಾಗಿ ಚಿತ್ರ ಬರೆದು, ಹೆಬ್ಬೆರಳ ಉಗುರಿಗಿಂತ ಚಿಕ್ಕದಾಗಿ ಮುದ್ರಿಸಿ ಕೊಡುತ್ತಾರೆ. ಬಣ್ಣ ಕೂದಲೆಳೆಯಷ್ಟು ತಪ್ಪಿದರೂ ನೋಡುವವರಿಗೆ ಏನೋ ಇರುಸುಮುರುಸು. ಒಂದೇ ಮುಖದಲ್ಲಿದ್ದೂ ಎರಡು ಕಣ್ಣುಗಳು ಮಾತು ಬಿಟ್ಟಂತೆ ಕಾಣುತ್ತದೆ.

ಗಡ್ಡೆಯಾಗಿ ಎಡಗಣ್ಣು ತೆಗೆಸಿಕೊಂಡಿದ್ದ ಗಣಿತದ ಮೇಷ್ಟ್ರೊಬ್ಬರು ಹೆಂಡತಿಯೊಡನೆ ಬಂದಿದ್ದರು.

“ನಂದೇನಮ್ಮಾ, ಕರಿ ಕಣ್ಣು. ಒಂದು ಚುಕ್ಕೆ ಮಸಿ ಇಟ್ರೆ ಮುಗೀತು” ಎಂದರು.

“ಕರಿ ಕಣ್ಣು ಅನ್ನೋದು ನಾನಂತೂ ಇವತ್ತಿನವರೆಗೆ ನೋಡಿಲ್ಲ ಮೇಷ್ಟ್ರೇ. ಬೆಳಕಿನ ಕಡೆ ತಿರುಗಿ” ಎಂದು ಅತ್ತಿಗೆ ಕ್ಯಾಮೆರಾ ಎತ್ತಿಕೊಂಡರು.

ಚಿತ್ರ ಮುಗಿದಿತ್ತು, ಮುದ್ರಿಸುವುದಷ್ಟೇ ಬಾಕಿ. ಅಷ್ಟರಲ್ಲಿ ಅಣ್ಣ ಒಂದು ಘನಕಾರ್ಯ ಮಾಡಿದ್ದ. “ಹೊಸ ಆವೃತ್ತಿ ಹಾಕಲಾ ಅಂತ ನಿನ್ನ ಚಿತ್ರದ ತಂತ್ರಾಂಶ ಕೇಳ್ತಾನೇ ಇತ್ತು. ಪಾಪ ಅಂತ ಹೂಂ ಅಂದೆ” ಎಂದ. ಬೆಳಿಗ್ಗೆ ಅತ್ತಿಗೆ ಚಿತ್ರ ತೆರೆದರೆ, ಮೇಷ್ಟ್ರ ಕಣ್ಣಿನ ಜೇನಿನ ಬಣ್ಣ ಇಟ್ಟಿಗೆ ಕೆಂಪಾಗಿತ್ತು. ಮುದ್ರಿಸಿದರೆ ಕಾಗದದ ಮೇಲೆ ಪಾಚಿ ಹಸಿರು! ಪ್ರಿಂಟರ್ ಶುಚಿ ಮಾಡಿದರು, ಬೇರೆ ಕಾಗದ ಹಾಕಿದರು. ಅದೇ ಪಾಚಿ.

ಆಮೇಲೆ ಅವರು ಕಿಟಕಿಯ ಹತ್ತಿರ ನಿಂತು, ಒಂದು ಕಣ್ಣು ಮುಚ್ಚಿ ಅಂಗೈ ನೋಡಿಕೊಂಡರು; ಇನ್ನೊಂದು ಮುಚ್ಚಿ ಮತ್ತೆ ನೋಡಿಕೊಂಡರು. ಕೊನೆಗೆ ನನ್ನನ್ನು ಕರೆದರು.

“ನಿಜ ಹೇಳು, ಇದು ನಿಂಗೂ ಕೆಂಪಾಗೇ ಕಾಣ್ತಿದೆಯಾ? ನನ್ನ ಕಣ್ಣಿಗೇನಾದ್ರೂ ಪೊರೆ ಬಂತಾ?”

“ಕೆಂಪೇ ಅತ್ತಿಗೆ, ಕೆಂಡದ ಹಾಗಿದೆ.”

ಅವರ ಮುಖ ಅರಳಿತು. ಮಾಡಿದ ಕೆಲಸ ಕೆಟ್ಟಿದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ಬೇರೆ ಕಂಡಿಲ್ಲ.

ಅದೇ ಚಿತ್ರವನ್ನು ಬೇರೊಂದು ತಂತ್ರಾಂಶದಲ್ಲಿ ತೆರೆದರು. ಅಲ್ಲಿ ಜೇನು ಜೇನಾಗಿಯೇ ಇತ್ತು. ಅಂದರೆ ಚಿತ್ರಕ್ಕೆ ಏನೂ ಆಗಿಲ್ಲ, ತೋರಿಸುವವನದೇ ತಪ್ಪು. ಪ್ರತಿ ಪರದೆಯೂ ಕೆಲವು ಬಣ್ಣಗಳನ್ನು ಉಬ್ಬಿಸಿ ತೋರಿಸುತ್ತದಂತೆ. ಎಷ್ಟು ಉಬ್ಬಿಸುತ್ತದೆಂದು ಪುಟ್ಟ ಯಂತ್ರವೊಂದರಿಂದ ಅಳೆದು, ಆ ಅಳತೆಯನ್ನು ಅತ್ತಿಗೆ ಹಿಂದೆಯೇ ತಂತ್ರಾಂಶಕ್ಕೆ ಕಲಿಸಿದ್ದರು. ಹೊಸ ಆವೃತ್ತಿ ಬಂದದ್ದೇ ಅದನ್ನು ಮರೆತು ಕೂತಿತ್ತು. ಮತ್ತೆ ಕಲಿಸಿದ ಮೇಲೆ ಪರದೆ ಸರಿಹೋಯಿತು. ಆದರೆ ಕಾಗದದ ಮೇಲಿನ ಪಾಚಿ ಹೋಗಲಿಲ್ಲ.

ಇಡೀ ಮಧ್ಯಾಹ್ನ ಹುಡುಕಿದ ಮೇಲೆ, “ಸಿಕ್ತು!” ಎಂದು ಕೂಗಿದರು. “ತಂತ್ರಾಂಶಾನೂ ಬಣ್ಣ ತಿದ್ದುತ್ತಿದೆ, ಪ್ರಿಂಟರೂ ತಿದ್ದುತ್ತಿದೆ. ಅತ್ತೆ ಸೊಸೆ ಇಬ್ರೂ ಒಂದೇ ಪಾತ್ರೆಗೆ ಉಪ್ಪು ಹಾಕಿದ ಹಾಗೆ.”

ಪ್ರಿಂಟರಿನ ತಿದ್ದುವಿಕೆಯನ್ನು ನಿಲ್ಲಿಸಿದರು. ಆದರೆ ಮುದ್ರಿಸಲು ಹೋದಾಗಲೆಲ್ಲ ಹೊಸ ಆವೃತ್ತಿ ಅದನ್ನು ತಾನಾಗಿಯೇ ಮತ್ತೆ ಶುರು ಮಾಡುತ್ತಿತ್ತು. ಹಳೆಯ ಆವೃತ್ತಿಯ ಆಯ್ಕೆಗಳೆಲ್ಲ ಹೊಸದರೊಳಗೆ ನುಸುಳಿ ಕಲಸುಮೇಲೋಗರವಾಗಿದ್ದವು. ಕೊನೆಗೆ ಅತ್ತಿಗೆ ಹಳೆಯದನ್ನೆಲ್ಲ ಬದಿಗೆ ಸರಿಸಿ, ಮೊದಲಿನಿಂದ ಒಂದೊಂದಾಗಿ ಹೊಂದಿಸಿದರು. ಈ ಸಲ ಪ್ರಿಂಟರಿನಿಂದ ಜೇನೇ ಹೊರಬಂತು. ಅಣ್ಣ ಬಾಗಿಲಲ್ಲೇ ನಿಂತು, “ಇನ್ನು ಅದು ಏನು ಕೇಳಿದ್ರೂ ನಾನು ಕಿವುಡ” ಎಂದ.

ಕಣ್ಣು ಸಿದ್ಧವಾಗಿ ಮೇಷ್ಟ್ರು ಬಂದ ದಿನ, ಅತ್ತಿಗೆ ಆ ಚಿತ್ರವನ್ನು ಪರದೆಯ ತುಂಬ ಹಿಗ್ಗಿಸಿ ತೋರಿಸಿದರು. ನಡುವಿನ ಕಪ್ಪು ಬಾವಿಯ ಸುತ್ತ ಬಂಗಾರದ ನೂಲುಗಳು ಹರಿದು ಹೋಗುತ್ತಿದ್ದವು. ಕೆಲವು ನಡುದಾರಿಯಲ್ಲೇ ಕವಲೊಡೆದಿದ್ದವು. ಅಂಚಿನಲ್ಲಿ ಸಂಜೆಯ ಕೆರೆಯಂಥ ಗಾಢ ಹಸಿರು, ಒಂದು ಮೂಲೆಯಲ್ಲಿ ತುಕ್ಕಿನ ಬಣ್ಣದ ಒಂದೇ ಒಂದು ಚೂರು. ನನಗೆ ಮೈ ಜುಮ್ಮೆಂದಿತು. ಇಷ್ಟು ದೊಡ್ಡ ಲೋಕವನ್ನು ಮನುಷ್ಯರು ರೆಪ್ಪೆಯ ಹಿಂದೆ ಇಟ್ಟುಕೊಂಡು ಸಂತೆ, ಕಚೇರಿ, ಜಗಳ ಎಂದು ಓಡಾಡುತ್ತಿರುತ್ತಾರಲ್ಲ!

ಮೇಷ್ಟ್ರ ಕೈ ತಾನಾಗಿ ಮುಖಕ್ಕೆ ಹೋಯಿತು. “ಇದು... ನಂದಾ?”

“ನಿಮ್ಮದೇ. ನಾನು ನೋಡ್ಕೊಂಡು ಬರೆದದ್ದಷ್ಟೇ.”

“ಇಷ್ಟು ವರ್ಷ ಇದನ್ನ ಇಟ್ಕೊಂಡು ನಾನು ಬೋರ್ಡಿಗೆ ಮುಖ ಮಾಡಿ ನಿಂತಿದ್ನಾ?”

ಅವರ ಹೆಂಡತಿ ಮೆಲ್ಲಗೆ, “ನಂಗೆ ಗೊತ್ತಿತ್ತು. ಬಿಸಿಲಿಗೆ ನಿಂತಾಗ ಕಾಣ್ತಿತ್ತು” ಎಂದರು.

“ಒಂದು ದಿನಾನೂ ಹೇಳ್ಲಿಲ್ಲವಲ್ಲೇ!”

“ಹೇಳಿದ್ರೆ ನಿಮ್ಮನ್ನ ಹಿಡಿಯೋಕೆ ಆಗ್ತಿತ್ತಾ?”

ಅಣ್ಣ ಹೊಸ ಕಣ್ಣು ಕೂರಿಸಿ ಪಕ್ಕಕ್ಕೆ ಸರಿದ. ಆಕೆ ಗಂಡನ ಗಲ್ಲ ಹಿಡಿದು ಕಿಟಕಿಯತ್ತ ತಿರುಗಿಸಿದರು. ಈ ಕಣ್ಣು ನೋಡಿದರು, ಆ ಕಣ್ಣು ನೋಡಿದರು. ಎರಡರಲ್ಲೂ ಅದೇ ಜೇನು. ಆಕೆ ಅತ್ತಿಗೆಯ ಎರಡೂ ಕೈ ಹಿಡಿದುಕೊಂಡರು.