ರೂಪಾ ಬರೆದದ್ದು, ತಿಪ್ಪೇಶ ಓದಿದ್ದು

ನಿವೃತ್ತಿಗೆ ಇನ್ನೊಂದು ವರ್ಷವಿತ್ತು. ಹಿರಿಯೂರಿನ ಒಂದು ಪದವಿ ಕಾಲೇಜಿನಲ್ಲಿ ನಾನಾಗ ಕನ್ನಡ ವಿಭಾಗದ ಮುಖ್ಯಸ್ಥೆ. ಹೆಸರಿಗೆ ದೊಡ್ಡ ಹುದ್ದೆ. ವಿಭಾಗದಲ್ಲಿ ಇದ್ದದ್ದು ನಾನು ಮತ್ತು ಒಬ್ಬ ಅತಿಥಿ ಉಪನ್ಯಾಸಕ. ಆ ವರ್ಷ ಸಣ್ಣಕಥೆ ಕಮ್ಮಟವನ್ನು ಓಪನ್ ಎಲೆಕ್ಟಿವ್ ಮಾಡಿದ್ದೆವು. ಅಂದರೆ ಬಿ.ಎ. ಇರಲಿ, ಬಿ.ಕಾಂ. ಇರಲಿ, ಯಾರು ಬೇಕಾದರೂ ಬಂದು ಕೂರಬಹುದು. ಅಂಕ ಸುಲಭವಾಗಿ ಸಿಗುತ್ತದೆಂದು ಬಂದವರೇ ಹೆಚ್ಚು. ನನಗೇನು ಗೊತ್ತಿರಲಿಲ್ಲವೇ!

ಕಮ್ಮಟಕ್ಕೆ ನನ್ನದೊಂದು ಪದ್ಧತಿಯಿತ್ತು. ಕಥೆಯ ಮೇಲೆ ಬರೆದವರ ಹೆಸರು ಇರಕೂಡದು. ಕೈಬರಹದಿಂದ ಗುರುತು ಸಿಗಬಾರದೆಂದು ಮೊಬೈಲಿನಲ್ಲಿ ಟೈಪ್ ಮಾಡಿ, ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬರಬೇಕು. ನಾನು ಎಲ್ಲವನ್ನೂ ಕಲಸಿ ಹಂಚುತ್ತಿದ್ದೆ. ಒಬ್ಬರ ಕಥೆಯನ್ನು ಇನ್ನೊಬ್ಬರು ಎದ್ದು ನಿಂತು ಓದಿ, ಕೊನೆಗೆ ಒಂದೇ ಒಂದು ಮಾತು ಹೇಳಬೇಕು. ಬರೆದವರು ತುಟಿಪಿಟಕ್ ಅನ್ನುವಂತಿಲ್ಲ. ನಮ್ಮ ಮಾತನ್ನು ಬೇರೆಯವರ ಬಾಯಲ್ಲಿ ಕೇಳಿದಾಗಲೇ ಅದರ ಹುಸಿ ತಿಳಿಯುವುದು ಎಂಬುದು ನನ್ನ ನಂಬಿಕೆ, ಈಗಲೂ.

ಆ ದಿನ ಓದಲು ಎದ್ದವನು ತಿಪ್ಪೇಶ, ಮಾರಿಕಣಿವೆಯಿಂದ ಬರುತ್ತಿದ್ದ ಬಿ.ಕಾಂ. ಹುಡುಗ. ಅವನ ಕೈಗೆ ಬಂದ ಕಥೆಯ ಹುಡುಗಿಯನ್ನು ತೊಟ್ಟಿಲಲ್ಲಿರುವಾಗಲೇ ಸೋದರಮಾವನ ಮಗನಿಗೆಂದು ಗೊತ್ತು ಮಾಡಿರುತ್ತಾರೆ. ನಮ್ಮ ಕಡೆ ಇದೇನು ಹೊಸದಲ್ಲ. ಪ್ರತಿ ಯುಗಾದಿಗೂ ಮಾವನ ಮನೆಯಿಂದ ಅವಳಿಗೆ ಸೀರೆ ಬರುತ್ತದೆ, ಅವಳು ಮಡಿಕೆ ಬಿಚ್ಚದೆ ಟ್ರಂಕಿಗೆ ಹಾಕುತ್ತಾಳೆ. ಗಟ್ಟಿಯಾಗಿ ಓದುತ್ತಿದ್ದ ತಿಪ್ಪೇಶನ ದನಿ ಗಿಳಿಹಸಿರು ಸೀರೆಯ ಮಾತು ಬಂದಾಗ ಇಳಿಯಿತು. "ಅವನು ಕೆಟ್ಟವನಲ್ಲ. ಆದರೆ ಅವನ ಜೊತೆ ಬಾಳುವುದನ್ನು ನೆನೆದರೆ ನನಗೆ ಊಟ ಸೇರುವುದಿಲ್ಲ" ಎಂಬಲ್ಲಿ ನಿಂತೇಬಿಟ್ಟ.

"ಯಾಕಪ್ಪಾ, ಅಕ್ಷರ ಮರ್ತೋಯ್ತಾ?" ಎಂದು ರೇಗಿಸಿದೆ. ತರಗತಿ ಗೊಳ್ಳೆಂದಿತು. ಅವನು ನಗಲಿಲ್ಲ. ಕಥೆಯನ್ನು ಕೊನೆಯವರೆಗೂ ಓದಿದ. ತನ್ನ ಒಂದು ಮಾತು ಹೇಳುವ ಸರದಿ ಬಂದಾಗ, "ಆ ಹುಡುಗನ್ನ ಯಾರೂ ಏನೂ ಕೇಳಿಲ್ಲ ಮೇಡಂ" ಎಂದು ಹಾಳೆಗಳನ್ನು ಮೇಜಿನ ಮೇಲಿಟ್ಟು ಹೊರಗೆ ಹೋದ.

ತರಗತಿ ಮುಗಿದ ಮೇಲೆ ಆದಿವಾಲದ ರೂಪಾ, ಅಂತಿಮ ಬಿ.ಎ. ಓದುತ್ತಿದ್ದವಳು, ನನ್ನ ಮುಂದೆ ಬಂದು ಗಳಗಳನೆ ಅತ್ತಳು. "ಕಥೆ ನಂದೇ ಮೇಡಂ. ಆ ಮಾವನ ಮಗ ತಿಪ್ಪೇಶನೇ, ಸೀರೆ ಆರಿಸಿದ್ದೂ ಇವನೇಯಾ. ಅವನ ಕೈಗೇ ಬರ್ತೈತೆ ಅಂತ ಯಾರಿಗ್ ಗೊತ್ತಿತ್ರಿ?" ಪರೀಕ್ಷೆ ಮುಗಿದ ಕೂಡಲೇ ಮದುವೆಯಂತೆ. ಅವಳಿಗೋ ಬಿ.ಎಡ್. ಮಾಡುವ ಆಸೆ. ತಿಪ್ಪೇಶ ಮನೆಯಲ್ಲಿ ಬಾಯಿ ಬಿಟ್ಟರೆ ನಾಳೆಯಿಂದಲೇ ಕಾಲೇಜು ಬಂದ್.

ಮರುದಿನ ಅವನನ್ನು ಸ್ಟಾಫ್ ರೂಮಿಗೆ ಕರೆಸಿದೆ. ಕುರ್ಚಿ ತೋರಿಸಿದೆ. ಅವನು ಕೂರಲಿಲ್ಲ.

"ನಂಗೇ ಇಷ್ಟ ಇಲ್ಲ ಅಂತ ಮನೇಲಿ ಹೇಳೀನಿ. ಅಪ್ಪ ಹೊಡೆದ. ನೀವೇನೂ ತಲೆ ಕೆಡಿಸ್ಕಬ್ಯಾಡ್ರಿ" ಎಂದ.

ನನ್ನ ಕಣ್ಣು ತುಂಬಿತು. ಇಪ್ಪತ್ತರ ಹುಡುಗ, ತಪ್ಪನ್ನೆಲ್ಲ ತನ್ನ ಮೇಲೆ ಹಾಕಿಕೊಂಡುಬಿಟ್ಟಿದ್ದ. ಆದರೆ ತರಗತಿಯಲ್ಲಿ ಕೇಳಿದವರ ಬಾಯಿಗೆ ಬೀಗ ಹಾಕುವವರಾರು? ಕಥೆಯ ಸುದ್ದಿ ವಾರದೊಳಗೆ ಅವನ ಅಪ್ಪನ ಕಿವಿಗೂ ಬಿತ್ತು. ಅವರು ತಂಗಿಗೆ, ಅಂದರೆ ರೂಪಾಳ ತಾಯಿಗೆ, ಫೋನ್ ಮಾಡಿ ಇನ್ನು ನಮ್ಮ ಹೊಸ್ತಿಲು ತುಳಿಯಬೇಡ ಎಂದರು. ಆದಿವಾಲದಲ್ಲೂ ಬೈಗುಳದ ಸುರಿಮಳೆಯಾಯಿತು. ಆದರೆ ಕಾಲೇಜು ಬಿಡಿಸಲಿಲ್ಲ, ಮದುವೆಯೂ ನಿಂತಿತು. ರೂಪಾ ಪರೀಕ್ಷೆ ಬರೆದು, ಚಿತ್ರದುರ್ಗದಲ್ಲಿ ಬಿ.ಎಡ್. ಸೇರಿದಳು. ಒಂದು ಕಥೆ ಒಬ್ಬ ಹುಡುಗಿಯನ್ನು ಉಳಿಸಿತು ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬೀಗಿದೆ.

ಗೌರಿ ಹಬ್ಬ ಕಳೆದು ಕೆಲವು ದಿನಕ್ಕೆ ಹೆಂಗಸೊಬ್ಬರು ವಿಭಾಗದ ಬಾಗಿಲಲ್ಲಿ ನಿಂತಿದ್ದರು. "ರೂಪಾನ ಅವ್ವ ರೀ, ಹನುಮಕ್ಕ. ಅವಳ ಮಾರ್ಕ್ಸ್ ಕಾರ್ಡ್ ಇಸ್ಕಂಡೋಗಾಣ ಅಂತ ಬಂದೆ" ಎಂದರು. ಒಳಗೆ ಬಂದು ಬೆಂಚಿನ ತುದಿಯಲ್ಲಿ ಕುಳಿತರು. ಜಗಳಕ್ಕೆ ಬಂದಿರಬಹುದೆಂದು ನಾನು ಮನಸ್ಸಿನಲ್ಲೇ ಉತ್ತರ ಕಟ್ಟುತ್ತಿದ್ದೆ.

"ಈ ಸಲ ತವರಿಂದ ಬಾಗಿನ ಬರಲಿಲ್ರಿ. ನಮ್ಮಣ್ಣ ಒಂದ್ ವರ್ಷನೂ ತಪ್ಪಿಸಿದೋನಲ್ಲ," ಎಂದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ನಂಗೆ ಓದಾಕ್ ಬರಲ್ಲ ಮೇಡಂ. ಅವಳನ್ನ ಕೇಳಿದ್ರೆ ಅಳ್ತಾಳೆ. ಆ ಕಥೇಲಿ ನಾನು ಏನ್ ಮಾಡ್ತಿದ್ನಿ?"

ಕಥೆಯನ್ನು ನಾನು ನಾಲ್ಕಾರು ಸಲ ಓದಿದ್ದೆ. ತಾಯಿ ಬರುವುದು ಒಂದೇ ಕಡೆ. ನೆಂಟರಿಗೆ ನೀರು ತಂದುಕೊಟ್ಟು ಒಳಗೆ ಹೋಗುತ್ತಾಳೆ. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಇದ್ದದ್ದನ್ನೇ ಹೇಳಿದೆ.

"ಅಷ್ಟೇನಾ?" ಎಂದು ಕೇಳಿ, ಸೆರಗು ಹೊದ್ದು ಎದ್ದು ಹೋದರು. ಮಾರ್ಕ್ಸ್ ಕಾರ್ಡ್ ಕೇಳಲೇ ಇಲ್ಲ.

ಈಗ ಹೊಸದುರ್ಗ, ಹೊಳಲ್ಕೆರೆಯ ಕಾಲೇಜುಗಳವರು ಕರೆದಾಗ ಹೋಗಿ ಕಮ್ಮಟ ನಡೆಸಿಕೊಡುತ್ತೇನೆ. ಕಥೆ ಹಂಚುವುದು ಹಾಗೆಯೇ. ಒಂದು ಮಾತ್ರ ಹೊಸದು. ಕಥೆ ಮುಗಿಸಿದೆ ಎಂದು ತಂದುಕೊಡುವ ಪ್ರತಿ ಮಗುವನ್ನೂ, "ಆ ಮನೇಲಿ ಇನ್ಯಾರಿದ್ದಾರೆ? ನಾಳೆ ಬೆಳಿಗ್ಗೆ ಅವರ ಗತಿ ಏನು?" ಎಂದು ಕೇಳುತ್ತೇನೆ. ಗೊತ್ತಿಲ್ಲ ಎಂದವರಿಗೆ ಹಾಳೆ ವಾಪಸ್ ಕೊಡುತ್ತೇನೆ.