ಒಂದೇ ಊಟದ ಕೋಣೆಯ ಹಡಗು

ನಾರಾಯಣಗೂಡದ ಪ್ರವಾಸ ಕಚೇರಿಗೆ ಹಡಗು ಆರಿಸಲು ಬರುವವರು ಏನೇನು ಕೇಳುತ್ತಾರೆಂಬುದು ರವಿಕಿರಣನಿಗೆ ಬಾಯಿಪಾಠ. ಕೋಣೆಗೆ ಕಿಟಕಿ ಇದೆಯೇ, ಸಸ್ಯಾಹಾರ ಸಿಗುತ್ತದೆಯೇ, ಡಾಕ್ಟರು ಇರುತ್ತಾರೆಯೇ. ಶಿವದೇವಿ ಬಂದವಳೇ ಕುರ್ಚಿ ಎಳೆದುಕೊಂಡು ಕೂತು, ಚಹಾ ಬೇಡವೆಂದು ಕೈ ಆಡಿಸಿ, ಕೇಳಿದ್ದು ಒಂದೇ ಮಾತು. ಹಡಗಿನಲ್ಲಿ ಊಟದ ಕೋಣೆ ಎಷ್ಟಿರುತ್ತವೆ?

ರವಿಕಿರಣ ಹುರುಪಿನಿಂದ ಒಂದು ದೊಡ್ಡ ಹಡಗಿನ ಚಿತ್ರ ತೆರೆದು, ಹತ್ತಕ್ಕೆ ಕಡಿಮೆಯಿಲ್ಲ ಅಮ್ಮಾ, ಚೀನಾ ಊಟಕ್ಕೊಂದು, ಇಟಲಿ ಊಟಕ್ಕೊಂದು, ಜೈನರಿಗೂ ಒಂದು ಅಂದ. ಹಾಗಾದರೆ ಅದು ಬೇಡ ಅಂದಳು. ಮೂರು ಸಾವಿರ ಜನರ ನಡುವೆ ಒಬ್ಬರನ್ನು ಹಿಡಿಯುವುದೆಂದರೆ ಜಾತ್ರೆಯಂಥ ನುಮಾಯಿಷ್‌ನಲ್ಲಿ ಕಳೆದ ಕೂಸನ್ನು ಹುಡುಕಿದ ಹಾಗೆ.

ಅವನು ಸಣ್ಣ ಹಡಗುಗಳ ಪುಸ್ತಿಕೆಗಳನ್ನು ಹರವಿದ. ಮೊದಲನೆಯದು ಶ್ರೀಮಂತರದು, ಕೋಣೆಗೇ ಊಟ ತಂದುಕೊಡುವ ಆಳು ಇರುತ್ತಾನೆ. ಬೇಡ. ನದಿಯ ಮೇಲೆ ಹೋಗುವಂಥದ್ದು ದಿನಕ್ಕೊಂದು ಪೇಟೆಯಲ್ಲಿ ನಿಲ್ಲುತ್ತದೆ, ಸಾಮಾನು ಕೊಳ್ಳುವ ನೆವ ಮಾಡಿ ಇಳಿದವರು ಸಂಜೆಯವರೆಗೆ ತಲೆ ಮರೆಸಿಕೊಳ್ಳಬಹುದು. ಅದೂ ಬೇಡ. ಹಾಯಿ ಕಟ್ಟಿದ ಹಡಗು ಚೆಂದವಿತ್ತು, ಆದರೆ ಅಲ್ಲಿ ಎರಡು ಪಾಳಿಯಲ್ಲಿ ಬಡಿಸುತ್ತಿದ್ದರು. ಒಬ್ಬರು ಮೊದಲ ಪಾಳಿ, ಇನ್ನೊಬ್ಬರು ಎರಡನೆಯದು ಅಂತಾದರೆ ಗತಿಯೇನು? ಕೊನೆಗೆ ಉಳಿದದ್ದು ಹಿಮದ ಕಡಲಿಗೆ ಅನ್ವೇಷಣೆಗೆಂದು ಹೋಗುವ ಹಡಗುಗಳು. ನೂರೇ ಜನ. ಜೂಜಿನ ಮೇಜಿಲ್ಲ, ಕುಣಿತದ ವೇದಿಕೆಯಿಲ್ಲ, ಅಂಗಡಿಯಿಲ್ಲ. ದಡಕ್ಕೆ ಇಳಿಯುವುದು ರಬ್ಬರ್ ದೋಣಿಯಲ್ಲಿ. ಮೊದಲ ದಿನ ಯಾವ ತಂಡದಲ್ಲಿ ಕೂತರೋ ಕೊನೆಯವರೆಗೂ ಅದೇ ತಂಡ. ಇಂಥವನ್ನು ನಡೆಸುವ ಎರಡು ಕಂಪನಿಗಳಲ್ಲಿ ಒಂದರ ಹಡಗಿಗೆ ಮೇಲಿನ ಅಟ್ಟದಲ್ಲಿ ಇನ್ನೊಂದು ತಿಂಡಿ ಕೋಣೆಯಿತ್ತು. ಇಲ್ಲದ ಹಡಗಿನ ಮೇಲೆ ಶಿವದೇವಿ ಬೆರಳಿಟ್ಟಳು.

ಗಂಡ ಹೋಗಿ ಎರಡು ವರ್ಷ, ಪಾಪ, ಅಮ್ಮನವರಿಗೆ ಜನರ ನಡುವೆ ಇರಬೇಕು ಅನ್ನಿಸಿದೆ ಎಂದು ರವಿಕಿರಣ ಒಳಗೊಳಗೇ ಮರುಗಿದ. ಜನ ಯಾರಿಗೆ ಬೇಕಿತ್ತು! ಅವಳಿಗೆ ಬೇಕಿದ್ದವಳು ಸ್ನೇಹಲತಾ ಒಬ್ಬಳೇ. ಎದ್ದು ಹೋಗಲು ಇನ್ನೊಂದು ಕೋಣೆಯಿಲ್ಲದ, ಇಳಿದು ಹೋಗಲು ನೆಲವಿಲ್ಲದ ಕಡೆ, ಎದುರಿಗೆ ಕೂತ ಸ್ನೇಹಲತಾ.

ಶಿವದೇವಿ ಸಿಂದಗಿ ಕಡೆಯವಳು. ಮದುವೆಯಾಗಿ ಕಾಚಿಗೂಡ ಸ್ಟೇಷನ್ನಿನಲ್ಲಿ ಇಳಿದಾಗ ತೆಲುಗಿನ ಒಂದಕ್ಷರ ಬರುತ್ತಿರಲಿಲ್ಲ. ಗಂಡ ಚನ್ನಬಸಪ್ಪ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಫೋರ್‌ಮನ್. ಅದೇ ಕಾರ್ಖಾನೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವಳಿಗೂ ಕೆಲಸ ಸಿಕ್ಕಿ, ನಿವೃತ್ತಿಯವರೆಗೆ ತೆಲುಗು, ಹಿಂದಿ, ಕನ್ನಡ ಮೂರರಲ್ಲೂ ಜನರನ್ನು ಜೋಡಿಸಿದಳು. ಸೀಟಿನಲ್ಲೇ ಕೂತು ಸಾಹೇಬರಿಲ್ಲ ಎಂದು ಹೇಳಿಸುವ ಸಾಹೇಬರನ್ನು ಎಷ್ಟು ಕಂಡಿದ್ದಳೋ! ದನಿ ಕೇಳಿದರೆ ಸಾಕು, ಸುಳ್ಳು ಯಾವುದು ನಿಜ ಯಾವುದು ತನಗೆ ತಿಳಿಯುತ್ತದೆ ಎಂಬ ಜಂಬ ಅಲ್ಲಿಂದಲೇ ಬಂದದ್ದು. ಸಿಟ್ಟು ಮಾತ್ರ ತವರಿನದು. ಹಾಲಿನ ಹಾಗೆ ಉಕ್ಕಿ ಇಳಿಯುವ ಸಿಟ್ಟಲ್ಲ ಅದು, ಕುಳ್ಳಿನ ಬೆಂಕಿ. ಹೊಗೆ ಕಾಣದೆ ವರ್ಷಗಟ್ಟಲೆ ಇರುತ್ತಿತ್ತು.

ಮಿಯಾಪುರದ ಅಪಾರ್ಟ್‌ಮೆಂಟಿನಲ್ಲಿ ಅವರದು ಸೇರಿ ಕನ್ನಡದ ಮೂರು ಮನೆ. ಚನ್ನಬಸಪ್ಪನ ಜೊತೆ ಒಂದೇ ಶೆಡ್ಡಿನಲ್ಲಿ ದುಡಿದ ಹಣಮಂತರಾಯ, ಅವನ ಹೆಂಡತಿ ಸ್ನೇಹಲತಾ. ಕೆಳಗಿನ ಮಹಡಿಯಲ್ಲಿ ಪಿಂಕಿ ಮತ್ತು ಅವಳ ಗಂಡ ವೈಭವ, ವಯಸ್ಸಿನಲ್ಲಿ ಚಿಕ್ಕವರು. ಪಿಂಕಿಗೆ ತಾಯಿಯಿಲ್ಲದ್ದರಿಂದ ಅವಳ ಬಾಣಂತನವನ್ನು ಶಿವದೇವಿಯೇ ಮಾಡಿದ್ದಳು, ಕೂಸಿಗೆ ಎರೆದು, ತಾಯಿಗೆ ಬೆಚ್ಚಗೆ ಉಣ್ಣಿಸಿ. ಪಿಂಕಿಯ ಮಗುವನ್ನು ಅವಳ ಅತ್ತೆಯ ಹತ್ತಿರ ಬಿಟ್ಟು, ಈ ಮೂರು ಜೋಡಿ ಸೇರಿ ಚೆನ್ನೈನಿಂದ ಹೊರಡುವ ದೊಡ್ಡ ಹಡಗಿನಲ್ಲಿ ಹೋಗುವುದೆಂದು ಠರಾವಾಯಿತು. ಟಿಕೆಟ್ಟೆಲ್ಲ ಹಣಮಂತರಾಯನೇ ಮಾಡಿಸಿದ. ಹೊರಡಲು ತಿಂಗಳಿರುವಾಗ ಚನ್ನಬಸಪ್ಪ ಒಂದು ಬೆಳಿಗ್ಗೆ ಚಹಾ ಕುಡಿದು ಲೋಟ ಕೆಳಗಿಟ್ಟವನು ಮತ್ತೆ ಏಳಲಿಲ್ಲ.

ಮಣ್ಣು ಮಾಡಿ ಬಂದು, ಬಂಧುಗಳೆಲ್ಲ ತಿರುಗಿ ಹೋದ ಮೇಲೆ ಶಿವದೇವಿ ಸೂಟ್‌ಕೇಸ್ ಇಳಿಸಿ ಒರೆಸಿಟ್ಟಳು. ಗೋಡೆ ನೋಡುತ್ತ ಕೂರುವುದಕ್ಕಿಂತ ಆ ಮನುಷ್ಯ ನೋಡಬೇಕೆಂದಿದ್ದ ನೀರನ್ನಾದರೂ ನೋಡಿ ಬರೋಣ ಅನ್ನಿಸಿತ್ತು. ಬಾಗಿಲು ತಟ್ಟುವವರ ದಾರಿ ಕಾದಳು. ಯಾರೂ ತಟ್ಟಲಿಲ್ಲ. ಒಂದು ದಿನ ಫೋನಿಗೆ ಚಿತ್ರ ಬಂತು. ಹಡಗಿನ ಅಟ್ಟದ ಮೇಲೆ ಬಣ್ಣದ ಟೊಪ್ಪಿಗೆ ಹಾಕಿಕೊಂಡ ಹಣಮಂತರಾಯ, ಸ್ನೇಹಲತಾ, ಪಿಂಕಿ, ವೈಭವ. ಪಕ್ಕದಲ್ಲಿ, ಶಿವದೇವಿ ಮತ್ತು ಅವಳ ಗಂಡನ ಟಿಕೆಟ್ಟಿನ ಜಾಗಕ್ಕೆ ಬಂದ ಸ್ನೇಹಲತಾಳ ತಂಗಿ ಮತ್ತು ತಂಗಿಯ ಗಂಡ. ಉರಿಯುವ ಮನೆಯ ಗಳ ಹಿರಿಯುವುದು ಅಂದರೆ ಇದೇ ನೋಡಿ.

ಅದನ್ನೂ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ರಾಜ್ಯೋತ್ಸವದ ದಿನ ಕನ್ನಡ ಸಂಘದಲ್ಲಿ ಪರಿಚಯದವಳೊಬ್ಬಳು ಉಪ್ಪಿಟ್ಟು ತಿನ್ನುತ್ತ, ಸೂತಕದಾಗ ಹಡಗು ಹತ್ತೂದಿಲ್ಲ ಅಂತ ನೀವೇ ಒಲ್ಲೆ ಅಂದ್ರಂತಲ್ರೀ, ಸ್ನೇಹಲತಾ ಹೇಳಿದ್ರು ಅಂದಳು. ಶಿವದೇವಿಯ ಮೈ ಉರಿದುಹೋಯಿತು. ಲಿಂಗ ಕಟ್ಟಿದವರಿಗೆ ಎಲ್ಲಿಯ ಸೂತಕ? ಸ್ವಂತ ಮಗ ಸತ್ತಾಗಲೂ ಅವಳ ಅಜ್ಜಿ ಸೂತಕ ಹಿಡಿದವಳಲ್ಲ. ಕೈಬಿಟ್ಟು ಹೋದದ್ದಲ್ಲದೆ, ಆ ಪಾಪವನ್ನು ಅವಳ ಬಾಯಿಗೇ ಹಚ್ಚಿದ್ದರು, ಅದೂ ಅವಳ ಮನೆತನದಲ್ಲೇ ಇಲ್ಲದ ಮಾತಿನಿಂದ. ಉಳಿದವರು ಆ ಸುಳ್ಳನ್ನು ನಂಬಿಯೇ ಹೋಗಿರಬೇಕು ಎಂದುಕೊಂಡಳು. ಅಂದಿನಿಂದ ಅವಳಿಗೆ ಬೇಕಾದದ್ದು ಒಂದೇ. ಹಡಗು ಹತ್ತಿದವರೆಲ್ಲರ ಎದುರು, ಸುಳ್ಳು ಹೇಳಿದ್ದು ನಾನು ಎಂಬ ಮಾತು ಸ್ನೇಹಲತಾಳ ಬಾಯಿಂದಲೇ ಬರಬೇಕು.

ಸ್ನೇಹಲತಾ ಸಿಕ್ಕರೆ ತಾನೆ! ಲಿಫ್ಟಿನಲ್ಲಿ ಶಿವದೇವಿಯನ್ನು ಕಂಡರೆ ಏನೋ ಮರೆತವಳ ಹಾಗೆ ಹಿಂದಿರುಗುವಳು. ಮೆಟ್ರೊದಲ್ಲಿ ಎದುರಾದರೆ ಫೋನು ಕಿವಿಗೆ ಹೋಗುವುದು. ಮನೆಗೇ ಹೋದರೆ ಹಣಮಂತರಾಯ ಬಾಗಿಲಿಗೆ ಬಂದು ಆಕಿ ಸ್ನಾನಕ್ಕ ಹೋಗ್ಯಾಳ ಅನ್ನುವನು. ಟ್ಯಾಂಕರ್ ನೀರಿನ ಮಿಯಾಪುರದಲ್ಲಿ ದಿನವಿಡೀ ಸ್ನಾನ ಮಾಡುವ ಹೆಂಗಸು ಅವಳೊಬ್ಬಳೇ ಇರಬೇಕು.

ಹೀಗಿರುವಾಗ ಪಿಂಕಿ ಬಂದು, ಮತ್ತೊಮ್ಮೆ ಎಲ್ಲರೂ ಸೇರಿ ಹಡಗಿನಲ್ಲಿ ಹೋಗುವ ಮಾತು ನಡೆದಿದೆ, ಕಾಕೂ, ಈ ಸಲ ನೀವೂ ಬರಲೇಬೇಕು ಎಂದು ಹಟ ಹಿಡಿದಳು. ಪಿಂಕಿಯ ಮನಸ್ಸು ಬಂಗಾರ, ಅದು ಶಿವದೇವಿಗೆ ಮೊದಲಿನಿಂದಲೂ ಗೊತ್ತು. ಒಲ್ಲೆನೆನ್ನದೆ, ಟಿಕೆಟ್ಟಿನ ಓಡಾಟವೆಲ್ಲ ತನ್ನದಿರಲಿ, ಹಡಗು ಆರಿಸುವುದನ್ನೂ ತನಗೇ ಬಿಡಿ ಎಂದು ಹೇಳಿ ಕಳಿಸಿದಳು. ಪುಕ್ಕಟೆ ಓಡಾಟವನ್ನು ಯಾರು ಬೇಡ ಅನ್ನುತ್ತಾರೆ? ಸ್ನೇಹಲತಾ ಮಾತ್ರ ಇನ್ನೂ ದೊಡ್ಡ ಹಡಗೇ ಆಗಬೇಕೆಂದು ಕೂತಳು. ಅವಳ ನರ ಎಲ್ಲಿದೆ ಎಂಬುದು ಶಿವದೇವಿಗೆ ಗೊತ್ತಿರಲಿಲ್ಲವೇ? ದೊಡ್ಡ ಹಡಗಿಗೆ ಈಗ ಕಿಟ್ಟಿ ಪಾರ್ಟಿಯವರೆಲ್ಲ ಹೋಗಿ ಬಂದರಂತೆ, ಹಿಮದ ಕಡಲಿಗೆ ಮಾತ್ರ ನಮ್ಮ ಬ್ಲಾಕಿನಿಂದ ಯಾರೂ ಹೋದದ್ದಿಲ್ಲವಂತೆ ಎಂದು ಪಿಂಕಿಯ ಮೂಲಕ ಒಂದು ಮಾತು ಬಿಟ್ಟಳು. ವಾರ ಕಳೆಯುವುದರೊಳಗೆ ಸ್ನೇಹಲತಾ ಅದು ತನ್ನದೇ ವಿಚಾರ ಎಂದು ಎಲ್ಲರಿಗೂ ಸಾರುತ್ತಿದ್ದಳು. ರೇಷ್ಮೆ ಸೀರೆ ಉಡುವ ಸಂದರ್ಭವೇ ಅಲ್ಲಿ ಬರುವುದಿಲ್ಲ ಎಂಬುದನ್ನು ಶಿವದೇವಿ ಹೇಳಲಿಲ್ಲ. ಹೊತ್ತುಕೊಂಡು ಬರಲಿ, ಬೆನ್ನು ನೋಯಲಿ.

ಆ ಕಡಲಿನಲ್ಲಿ ಆಷಾಢದ ಸೂರ್ಯ ಮುಳುಗುವುದೇ ಇಲ್ಲ. ಹಡಗು ಹತ್ತಿದ ದಿನ ಊಟದ ಕೋಣೆಗೆ ಕಾಲಿಟ್ಟ ಶಿವದೇವಿ ನಾಲ್ಕೂ ಗೋಡೆ ನೋಡಿ, ಬಾಗಿಲು ಒಂದೇ ಇರುವುದನ್ನು ಖಾತ್ರಿ ಮಾಡಿಕೊಂಡು, ಹೊಟ್ಟೆ ತುಂಬ ಉಂಡಳು. ಐವರಿಗೂ ಒಂದೇ ಮೇಜು. ಸ್ನೇಹಲತಾ ತಲೆನೋವು ಅಂದಳು, ವಾಕರಿಕೆ ಅಂದಳು. ಹಕ್ಕಿಗಳ ಬಗ್ಗೆ ಉಪನ್ಯಾಸವಿದ್ದರೆ ಓಡಿಹೋಗಿ ಮುಂದಿನ ಸಾಲಿನಲ್ಲಿ ಕೂತಳು, ಅಲ್ಲಿ ಮಾತಾಡುವಂತಿಲ್ಲವಲ್ಲ! ಹುಟ್ಟಿದಾಗಿನಿಂದ ಕಾಗೆ ಗುಬ್ಬಿಯನ್ನೂ ತಿರುಗಿ ನೋಡದವಳು. ಶಿವದೇವಿ ಅವಸರ ಮಾಡಲಿಲ್ಲ. ರಬ್ಬರ್ ದೋಣಿಯಲ್ಲಿ ಅವಳ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಚಳಿ ಆಗ್ತೈತೇನು ಎಂದು ಅಕ್ಕರೆಯಿಂದ ಕೇಳುವಳು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಇಷ್ಟು ಸುಖವಾಗಿ ಅವಳು ಎರಡು ವರ್ಷದಲ್ಲಿ ನಿದ್ದೆ ಮಾಡಿರಲಿಲ್ಲ.

ಒಂದು ಮಧ್ಯಾಹ್ನ ಇಳಿಯಬೇಕಿದ್ದ ದಡದಲ್ಲಿ ಬಿಳಿ ಕರಡಿ ಕಾಣಿಸಿತು. ಯಾರೂ ಹೊರಗೆ ಹೋಗುವಂತಿಲ್ಲವೆಂದು ಹೇಳಿ ಎಲ್ಲರನ್ನೂ ಊಟದ ಕೋಣೆಯಲ್ಲೇ ಕೂರಿಸಿದರು. ಬೇರೆ ಮೇಜಿನವರು ದುರ್ಬೀನು ಹಿಡಿದು ಕಿಟಕಿಗಳಿಗೆ ಮುತ್ತಿದರು. ಶಿವದೇವಿ ಮನೆಯಿಂದ ತಂದ ಖಡಕ್ ರೊಟ್ಟಿಯ ಗಂಟು ಬಿಚ್ಚಿ, ಶೇಂಗಾ ಹಿಂಡಿಯ ಚಟ್ನಿಡಬ್ಬಿ ತೆರೆದು ಮೇಜಿನ ನಡುವೆ ಇಟ್ಟಳು. ಆಮೇಲೆ ಎಕ್ಸ್‌ಚೇಂಜಿನಲ್ಲಿ ಮಾತಾಡುತ್ತಿದ್ದ ಅದೇ ಸಮಾಧಾನದ ದನಿಯಲ್ಲಿ ಕೇಳಿದಳು.

"ಸ್ನೇಹಾ, ನಾ ಹಡಗಿಗೆ ಬರೂದಿಲ್ಲಂತ ನಿನ್ನ ಮುಂದ ಯಾವಾಗ ಅಂದಿದ್ದೆ?"

ಸ್ನೇಹಲತಾ ಏಳಲು ಹೋದಳು. ಬಾಗಿಲವರೆಗೂ ಜನ ಕಿಕ್ಕಿರಿದಿದ್ದರು. ಪಿಂಕಿ ಗಾಬರಿಯಾಗಿ ಶಿವದೇವಿಯ ಕೈ ಹಿಡಿದುಕೊಂಡಳು. ಸ್ನೇಹಲತಾ ಗಂಡನ ಮುಖ ನೋಡಿದಳು, ಕರವಸ್ತ್ರ ಹಿಂಡಿದಳು, ಕೊನೆಗೆ ಕೂತಳು.

"ಅಂದಿರಲಿಲ್ಲಕ್ಕಾ. ನಾನೇ ಸುಳ್ಳು ಹೇಳಿದೆ."

ಆಹಾ! ಎಷ್ಟು ಸಿಹಿಯಾಗಿತ್ತು ಆ ಮಾತು. ಶಿವದೇವಿ ಅದನ್ನು ಕಿವಿತುಂಬ ಕೇಳಿಸಿಕೊಂಡು, ಉಳಿದವರು ಬೆಚ್ಚಿಬೀಳುವುದನ್ನು ನೋಡಲೆಂದು ಒಬ್ಬೊಬ್ಬರ ಕಡೆಗೂ ತಿರುಗಿದಳು. ಯಾರೂ ಬೆಚ್ಚಲಿಲ್ಲ. ವೈಭವ ನೀರಿನ ಲೋಟ ತಿರುಗಿಸುತ್ತಿದ್ದ. ಹಣಮಂತರಾಯ ತಟ್ಟೆಯ ಮೇಲೆ ಚಮಚ ಇಟ್ಟ.

"ಆಕಿ ಒಬ್ಬಾಕಿ ಮ್ಯಾಲ ಹಾಕಬ್ಯಾಡ್ರಿ ವೈನಿ," ಅಂದ. "ನಾವು ನಾಲ್ಕೂ ಮಂದಿ ಕೂತು ಮಾತಾಡಿದ್ದು. ಮಜಾ ಮಾಡಾಕ ಹೊಂಟೀವಿ, ನೀವು ಅಳಕೋತ ಕುಂತ್ರ ಯಾರಿಗೆ ಊಟ ಸೇರತೈತಿ? ಯಾರರ ಒಬ್ಬರು ಏನರ ಹೇಳಬೇಕಿತ್ತು. ಆಕಿ ಹೇಳಿದ್ಲು, ಅಷ್ಟ."

ಎಲ್ಲಿ ಕೂತು ಮಾತಾಡಿದ್ದು ಎಂದು ಶಿವದೇವಿ ಕೇಳಿದಳು. ಉತ್ತರ ಕೊಟ್ಟವಳು ಸ್ನೇಹಲತಾ, ತಲೆ ಎತ್ತದೆ.

"ನಿಮ್ಮ ಮನಿಯಾಗಕ್ಕಾ. ಮೂರನೇ ದಿನ. ನೀವು ಒಳಗ ಮಲಗಿದ್ರಿ."

ಆ ದಿನ ಶಿವದೇವಿಗೆ ಚೆನ್ನಾಗಿ ನೆನಪಿತ್ತು. ಮುಚ್ಚಿದ ಬಾಗಿಲಾಚೆ ಪಡಸಾಲೆಯಲ್ಲಿ ಇವರು ಸಣ್ಣ ದನಿಯಲ್ಲಿ ಮಾತಾಡುತ್ತಿದ್ದುದು ಕೇಳಿಸಿತ್ತು. ಗಂಡನನ್ನು ನೆನೆದು ಆಡುತ್ತಿದ್ದಾರೆ, ನನಗೆ ಎಚ್ಚರವಾಗದಿರಲೆಂದು ದನಿ ತಗ್ಗಿಸಿದ್ದಾರೆ ಎಂದುಕೊಂಡಿದ್ದಳು. ನಾನು ಒಂಟಿಯಲ್ಲ, ನನ್ನವರು ಹೊರಗೆ ಕೂತಿದ್ದಾರೆ ಎಂಬ ಧೈರ್ಯ ಬಂದಿತ್ತು. ಗಂಡ ಹೋದ ಮೇಲೆ ಮೊದಲ ಸಲ ಅವಳಿಗೆ ನಿದ್ದೆ ಹತ್ತಿದ್ದು ಆ ದನಿಗಳನ್ನು ಕೇಳುತ್ತಲೇ.

ಎರಡು ವರ್ಷ ಒಬ್ಬಳ ಮೇಲೆ ಕಾದಿಟ್ಟ ಸಿಟ್ಟನ್ನು ನಾಲ್ವರಿಗೆ ಹಂಚುವುದು ಹೇಗೆ? ಕಿಟಕಿಯ ಬಳಿ ಯಾರೋ ಕರಡಿ ಈಜಲು ಇಳಿದಿದೆ ಎಂದು ಇಂಗ್ಲಿಷಿನಲ್ಲಿ ಕೂಗಿದರು. ಅಳಬಾರದು ಅಂದುಕೊಂಡಳು. ಅಳುತ್ತಾಳೆಂದೇ ಅಲ್ಲವೇ ಇವರು ಬಿಟ್ಟು ಹೋದದ್ದು? ಸತ್ತರೂ ಅಳಬಾರದು.

"ಮೊದಲ ಬಾಯಿ ತೆಗದವರು ಯಾರು?"

ಅವಳ ಕೈ ಹಿಡಿದಿದ್ದ ಪಿಂಕಿಯ ಕೈ ಮೆಲ್ಲಗೆ ಸಡಿಲವಾಗಿ, ಮೇಜಿನ ಕೆಳಗೆ ಜಾರಿ ಹೋಯಿತು. ಶಿವದೇವಿಗೆ ಉತ್ತರ ಸಿಕ್ಕಿತು. ಕಾಕೂ, ನಾ ಸಣ್ಣಾಕಿ, ನಂಗ ತಿಳೀಲಿಲ್ಲ ಎಂದು ಪಿಂಕಿ ಏನೋ ತೊದಲಿದಳು.

ಶಿವದೇವಿ ಅವಳಿಗೆ ಪೂರ್ತಿ ಹೇಳಲು ಬಿಡಲಿಲ್ಲ. ಒಂದು ರೊಟ್ಟಿ ತೆಗೆದು ಅವಳ ತಟ್ಟೆಗೆ ಹಾಕಿ, ಮೇಲೆ ಹಿಂಡಿ ಬಡಿಸಿ, ಎಣ್ಣೆ ಬಿಟ್ಟಳು. ಬಾಣಂತಿಯಿದ್ದಾಗ ಬಡಿಸಿದಷ್ಟೇ ಅಚ್ಚುಕಟ್ಟಾಗಿ.

"ಮೊದಲ ಉಣ್ಣು," ಅಂದಳು. "ಉಂಡು, ಕಾಕಾ ಸತ್ತ ಮೂರನೇ ದಿನ ನನ್ನ ಮನ್ಯಾಗ ಕೂತು ಏನಂದಿ ಅದನ್ನ ಹಂಗಹಂಗೇ ಹೇಳು. ಆಮ್ಯಾಲ ಇವರು ಒಬ್ಬೊಬ್ಬರ ಹೇಳ್ಲಿ. ಹಡಗು ಇನ್ನೂ ಐದು ದಿನ ಊರು ಮುಟ್ಟೂದಿಲ್ಲ, ನಂಗೇನೂ ಅವಸರಿಲ್ಲ."

ಪಿಂಕಿ ರೊಟ್ಟಿ ಮುರಿದು ಬಾಯಿಗಿಟ್ಟಳು. ಅವಳು ಅಗಿಯುವ ಸದ್ದು ಮೇಜಿನ ಸುತ್ತ ಕೂತ ಎಲ್ಲರಿಗೂ ಕೇಳಿಸುತ್ತಿತ್ತು, ಒಬ್ಬರೂ ಕುರ್ಚಿ ಬಿಟ್ಟು ಏಳಲಿಲ್ಲ.