ಇಬ್ಬರಿಗೆ ಒಂದೇ ಟಿಕೆಟ್

ನಮ್ಮ ಮನೆಯಲ್ಲಿ ಬಸ್ಸಿನ ಟಿಕೆಟ್ ಓದಲು ಕಲಿತ ಮೊದಲನೆಯವಳು ನಾನು. ಜಂಬ ಅಂದರೆ ಅನ್ನಲಿ. ನನ್ನ ಡಿಗ್ರಿಗಿಂತ ಮೊದಲು ನಮ್ಮ ಮನೆಗೆ ಬಂದ ವಿದ್ಯೆ ಅದು.

ಅವ್ವಿ, ಅಂದರೆ ನನ್ನ ತಾಯಿ, ನಮ್ಮೂರು ಬಾಡದಿಂದ ಕುಮಟೆಗೆ ತರಕಾರಿ ಹೊತ್ತು ಮಾರುವವಳು. ಬಸಳೆ, ಹರಿವೆ, ಕಾಲಕ್ಕೆ ತಕ್ಕ ಹಾಗೆ ಸೌತೆಕಾಯಿ. ಕಂಡಕ್ಟರ್ ಹರಿದು ಕೊಟ್ಟ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರೆ ಆತು, ಅದರಲ್ಲಿ ಏನು ಬರೆದಿದೆ ಎಂಬುದು ಅವಳಿಗೆ ಬೇಡ, ಗೊತ್ತೂ ಇಲ್ಲ. ಒಂದು ದಿನ ಚೆಕ್ಕಿಂಗಿನವರು ಹತ್ತಿದರು. ಅವಳ ಚೀಟಿ ಒಂದು ಸ್ಟೇಜ್ ಹಿಂದಕ್ಕೇ ಮುಗಿದಿತ್ತು. ಕಂಡಕ್ಟರ್ ತಪ್ಪಿ ಕೊಟ್ಟನೋ, ಬೇಕಂತ ಕೊಟ್ಟನೋ, ಬೈಸಿಕೊಂಡವಳು ಅವ್ವಿ. ಬುಟ್ಟಿ ಸಮೇತ ಇಳಿಸಿದರು. ನಾನಾಗ ಮೂರನೇ ಕ್ಲಾಸು, ಅವಳ ಜೊತೆಗಿದ್ದೆ. ಮರುದಿನ ಬಸ್ಸು ಹತ್ತಿದ ಕೂಡಲೇ ಚೀಟಿಯನ್ನು ನನ್ನ ಕೈಗೆ ತುರುಕಿದಳು.

"ಎಂತ ಬರ್ದದೆ ನೋಡು. ಓದೂಕೆ ಕಳ್ಸಿದ್ದು ಎಂತಕೆ ನಿನ್ನ?"

ಅಲ್ಲಿಂದ ನಮ್ಮಲ್ಲಿ ಅದೊಂದು ಪದ್ಧತಿಯೇ ಆಯಿತು. ಟಿಕೆಟ್ ಓದಿದವರ ಕೈಯಲ್ಲಿರಬೇಕು. ಮದುವೆಗೋ ತಿಥಿಗೋ ಹೊರಟರೆ ದೊಡ್ಡಮ್ಮ, ಅತ್ತೆ, ಅವರ ಮಕ್ಕಳು, ಎಲ್ಲರ ಚೀಟಿಯೂ ನನ್ನ ಮುಷ್ಟಿಯಲ್ಲಿ. ಟಿಕೆಟ್ ಎಲ್ಲಿ ಅಂತ ಯಾರಾದರೂ ಕೇಳಿದರೆ ಬಸ್ಸಿನ ಆ ತುದಿ ಈ ತುದಿಯಿಂದ ನಾಲ್ಕಾರು ಬೆರಳು ನನ್ನ ಕಡೆ ತಿರುಗುತ್ತಿದ್ದವು. ನನಗೆ ಅದು ಬಹಳ ಹಿತವಾಗಿರುತ್ತಿತ್ತು.

ಮುಂದೆ ಹೊನ್ನಾವರದ ಕಾಲೇಜಿಗೆ ಪಾಸ್ ಮಾಡಿಸಿಕೊಂಡು ಹೋಗುವಾಗ ಆ ವಿದ್ಯೆ ಇನ್ನೂ ಬೆಳೆಯಿತು. ಬಸ್ಸಿನ ದರ ಮೈಲಿಯ ಮೇಲೆ ನಡೆಯುವುದಿಲ್ಲ, ಸ್ಟೇಜಿನ ಮೇಲೆ ನಡೆಯುತ್ತದೆ. ಸ್ಟೇಜ್ ದಾಟಿ ನಾಲ್ಕು ಮಾರು ಮುಂದೆ ಇಳಿದರೂ ಇಡೀ ಮುಂದಿನ ಸ್ಟೇಜಿನ ದುಡ್ಡು. ಮನೆ ಸ್ಟೇಜಿನ ಈಚೆಗಿದ್ದವರು ಪುಣ್ಯವಂತರು, ಆಚೆಗಿದ್ದವರು ನಡೆಯುವವರು. ಪಾಸ್ ಇದ್ದರೂ ಎಕ್ಸ್‌ಪ್ರೆಸ್‌ಗೆ ಹತ್ತಬಾರದು. ಹತ್ತಿದರೆ ಹಳದೀಪುರದಲ್ಲೋ ಕರ್ಕಿಯಲ್ಲೋ ಇಳಿಸಿ ಹೋಗುತ್ತಾರೆ. ಇಳಿಸಿದ್ದಾರೆ ಕೂಡ, ಪರೀಕ್ಷೆಯ ದಿನವೇ. ಯಾವ ಕಾಗದ ಹಿಡಿದವರು ಯಾವ ಗಾಡಿಯಲ್ಲಿ ಎಲ್ಲಿಯವರೆಗೆ ಹೋಗಬಹುದು ಎನ್ನುವುದನ್ನು ನಾನು ಹೀಗೆ, ರಸ್ತೆಯ ಮೇಲೆ ನಿಂತು ಕಲಿತೆ.

ಡಿಗ್ರಿ ಮುಗಿಯಿತು. ಒಂದು ಸರ್ಕಾರಿ ಕಚೇರಿಯ ಲಿಖಿತ ಪರೀಕ್ಷೆಯೂ ಪಾಸಾಯಿತು. ಸಂದರ್ಶನ ಮುಂಬಯಿಯಲ್ಲಿ. ಬೆಳಿಗ್ಗೆ ಹತ್ತಕ್ಕೆ ಗೇಟು ಮುಚ್ಚುತ್ತದೆ, ಆಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ ಎಂದು ಕರೆಪತ್ರದಲ್ಲೇ ದಪ್ಪ ಅಕ್ಷರದಲ್ಲಿ ಹಾಕಿದ್ದರು. ನಮ್ಮ ಬಳಗದಲ್ಲಿ ಸಂಬಳದ ಕೆಲಸಕ್ಕೆ ಇಷ್ಟು ಹತ್ತಿರ ಹೋದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ.

ಹೊರಡುವ ಮುಂಚೆ ವಾರವಿಡೀ ಆ ಊರಿನ ಟಿಕೆಟ್ ಓದಿದೆ. ಲೋಕಲ್ ರೈಲಿಗೆ ಒಂದು, ಮೆಟ್ರೋಗೆ ಬೇರೆ, ಬಸ್ಸಿಗೆ ಇನ್ನೊಂದು. ರೈಲಿನಲ್ಲಿ ಮತ್ತೆ ಸೆಕೆಂಡ್ ಕ್ಲಾಸು, ಫಸ್ಟ್ ಕ್ಲಾಸು, ಎಸಿ. ಒಂದರ ಟಿಕೆಟಿಗೆ ಇನ್ನೊಂದರಲ್ಲಿ ಕೂರುವ ಹಾಗಿಲ್ಲ. ಇಷ್ಟು ದೂರದವರೆಗೆ ಇಷ್ಟು, ಅದು ದಾಟಿದರೆ ಅಷ್ಟು. ಫಾಸ್ಟ್ ಅಂದರೆ ಸಣ್ಣ ಸ್ಟೇಷನ್ನಿನಲ್ಲಿ ನಿಲ್ಲದ್ದು, ಸ್ಲೋ ಅಂದರೆ ಎಲ್ಲ ಕಡೆ ನಿಲ್ಲುವುದು. ಓದಿ ಮುಗಿಸಿ ನಗು ಬಂತು. ಇದು ನಮ್ಮ ಸ್ಟೇಜು, ನಮ್ಮ ಎಕ್ಸ್‌ಪ್ರೆಸ್ಸೇ. ಪ್ಯಾಂಟು ಹಾಕಿಕೊಂಡು ನಿಂತಿದೆ, ಅಷ್ಟೆ.

ಹೆಣ್ಣು ಹುಡುಗಿ ಒಬ್ಬಳೇ ಎಂತಕೆ ಎಂದು ಅವ್ವಿಯೂ ಹೊರಟಳು. ಕುಮಟೆಯಲ್ಲಿ ರೈಲು ಹತ್ತಿ ಮುಂಬಯಿಯ ಹೊರವಲಯದಲ್ಲಿದ್ದ ಚಿಕ್ಕಪ್ಪನ ಖೋಲಿಗೆ ಹೋದೆವು. ಅಪ್ಪನ ತಮ್ಮ, ಅಲ್ಲಿ ಯಾರದೋ ಕಾರು ಓಡಿಸುತ್ತಾನೆ. ಊರಿಗೆ ಬಂದಾಗಲೆಲ್ಲ ಮುಂಬಯಿಯನ್ನು ಇಡೀ ತಾನೇ ಕಟ್ಟಿಸಿದ ಹಾಗೆ ಮಾತಾಡುವವನು. ಬೆಳಿಗ್ಗೆ ಹೊರಡುವಾಗ ಕೇಳಿದೆ, "ಚಿಕ್ಕಪ್ಪ, ಮತ್ತೆಂತ ಗೊತ್ತಿರ್ಬೇಕು?"

"ಎಂತದೂ ಇಲ್ಲ. ಟಿಕೆಟ್ ತೆಗಿ, ಲೇಡೀಸ್ ಡಬ್ಬಿ ಹತ್ತು, ಇಳಿ. ಆತು. ನೀ ಓದಿದವ್ಳಲ್ವನೆ?"

ಕೌಂಟರಿನಲ್ಲಿ ಎರಡು ಸೆಕೆಂಡ್ ಕ್ಲಾಸ್ ಎಂದೆ. ಒಳಗಿನವನು ಒಂದು ಚೀಟಿ ಒತ್ತಿ ಕೊಟ್ಟ. ಇಬ್ಬರಿಗೆ ಸೇರಿ ಒಂದೇ ಕಾಗದ, ಅದರಲ್ಲೇ ಎರಡು ಎಂದು ಅಂಕೆ. ಸರಿಯಾಗಿದೆಯೇ ಎಂದು ಓದಿ ನೋಡಿದೆ. ಸರಿಯಾಗಿತ್ತು. ಅವ್ವಿ ಕೇಳಲೂ ಇಲ್ಲ, ನಾನು ಕೊಡಲೂ ಇಲ್ಲ. ನಮ್ಮ ಪದ್ಧತಿ ಅದು, ನನ್ನ ಪರ್ಸಿಗೆ ಹೋಯಿತು.

ರೈಲು ನಿಂತಿತು ಅನ್ನುವುದರೊಳಗೆ ಪ್ಲಾಟ್‌ಫಾರ್ಮಿನ ಹೆಂಗಸರೆಲ್ಲ ಒಂದೇ ಹೆಂಗಸಾದರು. ಅವ್ವಿಯ ಕೈ ಹಿಡಿದಿದ್ದೆ, ಬಿಟ್ಟುಹೋಯಿತು. ನನ್ನನ್ನು ಹಿಂದಿನವರು ಒಳಗೆ ಎತ್ತಿ ಹಾಕಿದರು. ಅವ್ವಿ ಏನು ಮಾಡಿದಳೆಂದರೆ, ಇಲ್ಲಿ ನೂಕುನುಗ್ಗಲು, ಪಕ್ಕದ ಬಾಗಿಲಲ್ಲಿ ಜನ ಕಮ್ಮಿ, ಅದರ ಮೇಲೂ ಸೆರಗು ಹೊದ್ದ ಹೆಂಗಸಿನ ಚಿತ್ರ ಇದೆ ಎಂದು ನೋಡಿಕೊಂಡು ಅಲ್ಲಿ ಹತ್ತಿಬಿಟ್ಟಳು. ಅದು ಹೆಂಗಸರ ಫಸ್ಟ್ ಕ್ಲಾಸು. ಎರಡು ಡಬ್ಬಿಯ ನಡುವೆ ಕಬ್ಬಿಣದ ಜಾಲರಿ. ನಾನು ಈ ಕಡೆ ಜಾಲರಿಗೆ ಅಂಟಿಕೊಂಡು ಕೈ ಮೇಲೆತ್ತಿ ನಿಂತಿದ್ದೆ. ಆ ಕಡೆ ಅವ್ವಿ ಮೆತ್ತನೆಯ ಸೀಟಿನ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನ್ನನ್ನು ಕಂಡು ಮುಖ ಅರಳಿತು.

"ಮಗಾ, ಇಲ್ಲಿ ಜಾಗ ಅದೆ! ಈ ಬದಿಗೆ ಬಾ!"

"ಅವ್ವಿ, ಅಲ್ಲಿ ಕೂರೂಕೆ ಆಗ. ಮುಂದಿನ ಸ್ಟೇಷನ್ನಲ್ಲಿ ಇಳ್ದು ಈಚೆ ಬಾ."

"ಎಂತಕೆ? ಇಲ್ಲೂ ಹೆಂಗ್ಸರೇ ಅಲ್ವನೆ?"

ಮುಂದಿನ ಸ್ಟೇಷನ್ನಿನಲ್ಲಿ ಅವಳು ಎದ್ದು ಬಾಗಿಲಿಗೆ ಬರುವ ಮೊದಲೇ ರೈಲು ಹೊರಟಿತು. ಹತ್ತಿದವರಲ್ಲಿ ಒಬ್ಬಳು ಟಿಸಿ. ನೇರವಾಗಿ ಅವ್ವಿಯ ಹತ್ತಿರವೇ ಹೋದಳು. ಆ ಡಬ್ಬಿಯಲ್ಲಿ ಯಾರನ್ನು ಕೇಳಬೇಕು ಎನ್ನುವುದು ಸೀರೆ ಉಟ್ಟ ರೀತಿಯಲ್ಲೇ ಗೊತ್ತಾಗುತ್ತದೆ, ಅದಕ್ಕೆ ವಿದ್ಯೆ ಬೇಕಿಲ್ಲ. ಟಿಕೆಟ್ ಎಂದಳು. ಅವ್ವಿಯ ಬೆರಳು ಎಂದಿನ ಹಾಗೆ ನನ್ನ ಕಡೆ ತಿರುಗಿತು.

ನಾನು ಜಾಲರಿಯ ಸಂದಿಯಲ್ಲಿ ಚೀಟಿ ತೂರಿಸಿದೆ. ಟಿಸಿ ನೋಡಿ ವಾಪಸು ತಳ್ಳಿದಳು. ಇದು ಸೆಕೆಂಡ್ ಕ್ಲಾಸು, ಅಲ್ಲದೆ ಟಿಕೆಟ್ ಇರುವುದು ನಿನ್ನ ಹತ್ತಿರ, ಇವಳ ಹತ್ತಿರ ಏನಿದೆ? ಇಷ್ಟನ್ನು ಹಿಂದಿಯಲ್ಲಿ ಹೇಳಿದಳು. ಅವ್ವಿಗೆ ಅರ್ಥವಾದದ್ದು ಕೊನೆಯದೊಂದೇ, ನಿನ್ನ ಹತ್ತಿರ ಏನಿದೆ. ಸಂಚಿಯಿಂದ ಆಧಾರ್ ಕಾರ್ಡು ತೆಗೆದು ಕೊಟ್ಟಳು. ನಮ್ಮಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ ಆದಾಗಿನಿಂದ ಟಿಕೆಟ್ ಎಂದು ಕೇಳಿದವರಿಗೆ ಅವಳು ತೋರಿಸುವುದು ಅದನ್ನೇ. ಬಸ್ಸೂ ಸರ್ಕಾರದ್ದು, ರೈಲೂ ಸರ್ಕಾರದ್ದು. ಪೇಟೆಯಲ್ಲಿ ತರಕಾರಿ ಮಾರಿ ಕಲಿತ ಕೊಂಕಣಿಯಲ್ಲಿ, ಹೆಂಗಸರಿಗೆ ದುಡ್ಡಿಲ್ಲವಲ್ಲ ಬಾಯಿ, ಈ ಕಾರ್ಡು ನೋಡು ಎಂದು ವಿವರಿಸಿದಳು.

ಟಿಸಿ ಕಾರ್ಡನ್ನು ತಿರುಗಿಸಿ ನೋಡಿ, "ಕರ್ನಾಟಕದ್ದು. ಹಾಗಾದರೆ ಕರ್ನಾಟಕದಲ್ಲಿ ಕೂತುಕೋ," ಎಂದಳು. ಸುತ್ತಲಿದ್ದವರು ನಕ್ಕರು. ಅವ್ವಿಯೂ ನಕ್ಕಳು, ತನ್ನ ಮಾತು ಒಪ್ಪಿದರು ಎಂದುಕೊಂಡು. ಅದನ್ನು ನಾನು ಜಾಲರಿಯ ಈಚೆಯಿಂದ ನೋಡಿದೆ.

ರೈಲು ನಿಂತಾಗ ಟಿಸಿ ಅವಳ ರಟ್ಟೆ ಹಿಡಿದು ಇಳಿಸಿದಳು. ನಾನೂ ಇಳಿಯಲು ಒದ್ದಾಡಿದೆ. ಇಳಿಯುವವಳು ಮೊದಲೇ ಬಾಗಿಲಿಗೆ ಬಂದು ನಿಂತಿರಬೇಕಂತೆ. ಹತ್ತುವವರು ನನ್ನನ್ನು ಒಳಕ್ಕೇ ನೂಕಿದರು, ರೈಲು ಬಿಟ್ಟಿತು. ಫಾಸ್ಟ್ ಗಾಡಿ. ಸಣ್ಣ ಸ್ಟೇಷನ್ನುಗಳು ಒಂದೊಂದೇ ಹಿಂದಕ್ಕೆ ಹೋದವು. ಅವ್ವಿ ಕೂತಿದ್ದ ಸೀಟಿನಲ್ಲಿ ಆಗಲೇ ಬೇರೊಬ್ಬಳು ಕೂತು ಫೋನು ನೋಡುತ್ತಿದ್ದಳು.

ಮುಂದೆ ಗಾಡಿ ನಿಂತಲ್ಲಿಂದ ಸೀದಾ ಹೋಗಿದ್ದರೆ ಹತ್ತರೊಳಗೆ ಆ ಗೇಟಿನ ಒಳಗಿರುತ್ತಿದ್ದೆ. ಅದೇ ದಾರಿ, ಅದೇ ಟಿಕೆಟ್. ಆದರೆ ಅವ್ವಿಯ ಹತ್ತಿರ ಫೋನಿಲ್ಲ, ಯಾವ ಸ್ಟೇಷನ್ನಿನಲ್ಲಿ ಇಳಿದಿದ್ದಾಳೆ ಎನ್ನುವುದೂ ಅವಳಿಗೆ ಗೊತ್ತಿಲ್ಲ. ಇದನ್ನು ಕೇಳಿದವರು ತ್ಯಾಗ ಗೀಗ ಎನ್ನುತ್ತಾರೆ, ನನಗೆ ಸಿಟ್ಟು ಬರುತ್ತದೆ. ಏನು ತ್ಯಾಗ? ಅವ್ವಿಯನ್ನು ಅಲ್ಲಿ ಬಿಟ್ಟು ಹೋಗುವ ಇನ್ನೊಂದು ದಾರಿ ಇತ್ತು ಎಂದು ಅವರಿಗೆ ಅನ್ನಿಸುವುದಾದರೂ ಹೇಗೆ? ಎದುರಿನ ಪ್ಲಾಟ್‌ಫಾರ್ಮಿಗೆ ಓಡಿ ಹಿಂದಕ್ಕೆ ಹೋಗುವ ಗಾಡಿ ಹತ್ತಿದೆ. ಅದು ಸ್ಲೋ. ಪ್ರತಿಯೊಂದು ಸ್ಟೇಷನ್ನಿನಲ್ಲೂ ನಿಂತಿತು.

ಅವ್ವಿ ಇಳಿದಿದ್ದ ಸ್ಟೇಷನ್ನಿನಲ್ಲೇ, ಟಿಸಿಗಳ ಕೋಣೆಯ ಬೆಂಚಿನ ಮೇಲೆ ಕೂತಿದ್ದಳು. ಕಾರ್ಡು ಇನ್ನೂ ಕೈಯಲ್ಲೇ ಇತ್ತು.

"ನೀ ಬರೂವರಿಗೂ ಯಾವ ಕಾಗ್ದಕ್ಕೂ ಹೆಬ್ಬೆಟ್ಟು ಒತ್ಲಿಲ್ಲ ನಾನು," ಎಂದಳು. ಅದೊಂದು ಗೆದ್ದ ಸುದ್ದಿಯ ಹಾಗೆ.

ನಾನು ಚೀಟಿ ಮೇಜಿನ ಮೇಲಿಟ್ಟು ವಾದ ಮಾಡಿದೆ. ಎರಡು ಎಂದು ಬರೆದಿದೆ, ಎರಡನೆಯವಳು ಇವಳೇ. ಟಿಸಿ ಕೂಗಾಡಲಿಲ್ಲ, ಕೆಟ್ಟ ಮಾತು ಆಡಲಿಲ್ಲ. ಇವಳ ಕೈಯಲ್ಲೇ ಸೆಕೆಂಡ್ ಕ್ಲಾಸಿನ ಚೀಟಿ ಇದ್ದಿದ್ದರೆ ಪಕ್ಕದ ಡಬ್ಬಿಗೆ ಕಳಿಸಿ ಬಿಡುತ್ತಿದ್ದೆ, ಬಿಟ್ಟು ಓಡಾಡುವವರು ಬೇರೆ ಬೇರೆ ಟಿಕೆಟ್ ತೆಗೆದುಕೊಳ್ಳಬೇಕು, ಇಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ, ಅಷ್ಟೂ ಗೊತ್ತಿಲ್ಲವಾ ಎಂದಳು. ದಂಡ ಕಟ್ಟಿದೆ. ಅವ್ವಿ ಹೊರಗೆ ಬಂದ ಮೇಲೆ ಕೇಳಿದಳು, "ನಿಂಗೆ ಹೊತ್ತಾಗ್ಲಿಲ್ವಲ್ಲ?"

"ಇಲ್ಲ, ನಡಿ," ಎಂದೆ.

ಗೇಟು ಮುಚ್ಚಿತ್ತು. ಸಂದಿಯಿಂದ ಒಳಗಿನ ಅಂಗಳ ಕಾಣುತ್ತಿತ್ತು, ನನ್ನ ವಾರಗೆಯವರು ಫೈಲು ಹಿಡಿದು ಸಾಲಾಗಿ ನಿಂತಿದ್ದರು. ಕಾವಲಿನವನಿಗೆ ನಡೆದದ್ದೆಲ್ಲ ಹೇಳಿದೆ. ಅವನು ಸಮಾಧಾನದಿಂದ ಪೂರ್ತಿ ಕೇಳಿ, "ತಡವಾಗಿ ಬಂದವರೆಲ್ಲ ಒಂದೊಂದು ಕಥೆ ತರುತ್ತಾರೆ ತಾಯಿ," ಎಂದ. ಅವ್ವಿ ಅವನಿಗೂ ಆಧಾರ್ ಕಾರ್ಡು ತೋರಿಸಲು ಹೋದಳು. ನಾನು ಅವಳ ಕೈ ಹಿಡಿದು ಕೆಳಗಿಳಿಸಿದೆ. ಆಗ ಅವಳಿಗೆ ಏನಾಯಿತೆಂದು ತಿಳಿಯಿತು.

ಚಿಕ್ಕಪ್ಪ ಸಂಜೆ ನಕ್ಕದ್ದು ಇನ್ನೂ ಕಿವಿಯಲ್ಲಿದೆ.

"ಡಿಗ್ರಿ ಮಾಡಿದವ್ಳಿಗೆ ಎರಡು ಟಿಕೆಟ್ ಬೇರೆ ಬೇರೆ ತಕಣೂಕೆ ತಿಳೀಲಿಲ್ವನೆ?"

"ನೀವು ಹೇಳಿದ್ರಾ ಚಿಕ್ಕಪ್ಪ?"

"ಇದೆಲ್ಲ ಹೇಳೂದಾ? ಯಾರಿಗಾದ್ರೂ ಗೊತ್ತಿರ್ತದೆ."

ಅದೇ. ಯಾರಿಗಾದರೂ ಗೊತ್ತಿರುತ್ತದೆ. ಬರೆದಿಟ್ಟದ್ದನ್ನೆಲ್ಲ ನಾನು ಓದಿಕೊಂಡಿದ್ದೆ. ಇದನ್ನು ಎಲ್ಲಿಯೂ ಬರೆದಿರಲಿಲ್ಲ. ಇಂಥದ್ದು ಅಪ್ಪ ಆಫೀಸಿಗೆ ಹೋಗುವ ಮನೆಯಲ್ಲಿ ಊಟದ ಹೊತ್ತಿಗೆ ಮಕ್ಕಳ ಕಿವಿಗೆ ತಾನಾಗಿ ಬೀಳುತ್ತದೆ. ನಮ್ಮಂಥವರು ಒಂದೊಂದನ್ನೂ ದಂಡ ಕಟ್ಟಿಯೇ ಕಲಿಯಬೇಕು, ಕಲಿಯುವಷ್ಟರಲ್ಲಿ ಗೇಟು ಮುಚ್ಚಿರುತ್ತದೆ. ನಾನು ತಪ್ಪು ಮಾಡಿದೆ ಎಂದು ಆಗಲೂ ಅನ್ನಿಸಿಲ್ಲ, ಈಗಲೂ ಅನ್ನಿಸುವುದಿಲ್ಲ. ಮತ್ತೊಮ್ಮೆ ಕರೆಯಿರಿ ಎಂದು ಬರೆದೆ. ಉತ್ತರ ಬರಲಿಲ್ಲ. ಮುಂದಿನ ಸಲ ಅರ್ಜಿ ಕರೆಯುವಾಗ ನನ್ನ ವಯಸ್ಸು ದಾಟಿತ್ತು.

ಸುದ್ದಿ ನಮಗಿಂತ ಮೊದಲು ಊರು ತಲುಪಿತ್ತು. ಚಿಕ್ಕಪ್ಪನ ಫೋನಿಗೆ ಸ್ಟೇಜಿಲ್ಲ. ಕುಮಟೆಯ ಪೇಟೆಯಲ್ಲಿ ಅವ್ವಿಯ ಪಕ್ಕ ಕೂತು ಮಾರುವವಳು, "ಏ, ಮುಂಬೈಲಿ ಆಧಾರ್ ಕಾರ್ಡಲ್ಲಿ ರೈಲು ಹತ್ತಿದ್ಯಂತೆ! ನಮ್ಮನ್ನೂ ಕರ್ಕೊಂಡ್ ಹೋಗೆ," ಎಂದಳಂತೆ. ಮೊದಲ ದಿನ ಅವ್ವಿ ಅವರ ಜೊತೆ ನಕ್ಕಳು. ಆಮೇಲೆ ಬುಟ್ಟಿಯನ್ನು ಪೇಟೆಯ ಆ ತುದಿಗೆ ಒಯ್ದು ಕೂರತೊಡಗಿದಳು.

ನಾನೀಗ ಶಿರಾಲಿಯ ಒಂದು ಶಾಲೆಯಲ್ಲಿ ಪಾಠ ಮಾಡುತ್ತೇನೆ. ದಿನಾ ಕುಮಟೆಯಿಂದ ಬಸ್ಸು. ಮೊನ್ನೆ ಶಾಲೆಯ ಕಾರ್ಯಕ್ರಮಕ್ಕೆ ಅವ್ವಿಯನ್ನೂ ಕರೆದುಕೊಂಡು ಹೊರಟೆ. ಕಂಡಕ್ಟರ್ ಗುರುತಿನವನು. ಪುಕ್ಕಟೆ ಚೀಟಿಗೆಂದು ಇಬ್ಬರ ಕಾರ್ಡೂ ನೋಡಿ, "ಟೀಚರ್, ಇಬ್ರದ್ದೂ ಒಟ್ಟಿಗೇ ಹೊಡೀತೆ," ಎಂದ.

"ಬೇಡ ತಮ್ಮಾ," ಅವ್ವಿ ಎಂದಳು. "ನಂದು ಬೇರೆ ಕೊಡು."

"ಎಂತಕಮ್ಮಾ, ಮಗಳ ಹತ್ರ ಜಗಳನಾ?"

"ನಂದು ನನ್ನ ಕೈಲೇ ಇರ್ಲಿ."

ಹಳೇ ರೂಢಿ, ಓದಿ ಹೇಳೋಣವೆಂದು ನಾನು ಕೈ ಚಾಚಿದೆ. "ಇರ್ಲಿ ಬಿಡು," ಎಂದು ಮುಷ್ಟಿ ಮುಚ್ಚಿಕೊಂಡಳು. ಶರಾವತಿ ಸೇತುವೆ ದಾಟುವಾಗಲೂ, ಕಾಸರಕೋಡು ಕಳೆದ ಮೇಲೂ ಆ ಮುಷ್ಟಿ ಬಿಚ್ಚಲಿಲ್ಲ. ಮಂಕಿಯಲ್ಲಿ ಚೆಕ್ಕಿಂಗಿನವನೊಬ್ಬ ಹತ್ತಿದ. ನಮ್ಮ ಸೀಟಿಗೆ ಅವನು ಬರುವ ಮೊದಲೇ ಅವ್ವಿ ಎದ್ದು ನಿಂತು ಅಂಗೈ ಬಿಡಿಸಿ ಹಿಡಿದಳು. ಚೀಟಿ ಬೆವರಿಗೆ ಒದ್ದೆಯಾಗಿತ್ತು. ಅವನು ಅದನ್ನು ನೇರ ಮಾಡಿ ನೋಡಿ ತಿರುಗಿ ಕೊಟ್ಟ.

"ಎಲ್ಲಿವರಿಗೆ ಬರ್ದದೆ?" ಎಂದು ಅವ್ವಿ ಅವನನ್ನು ಕೇಳಿದಳು.

"ಶಿರಾಲಿಯಮ್ಮ."

"ಆತು," ಎಂದು ಕೂತಳು. ಪಕ್ಕದಲ್ಲೇ ನಾನಿದ್ದೆ.